ಫೋನ್ "ಇಡು" ಅಂದರೆ ಈಗ ಏನು ಅರ್ಥ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿರುವ ನಮ್ಮವ್ವನಿಗೆ ಕಾರ್ಡ್‌ಲೆಸ್ ಫೋನ್ ತಂದುಕೊಟ್ಟಿದ್ದೇವೆ. ಅವಳಿಗೆ ಮೊಣಕಾಲು ನೋವು. ಪಡಸಾಲೆಗೆ ಬರುವಷ್ಟರಲ್ಲಿ ರಿಂಗ್ ನಿಂತುಹೋಗುತ್ತಿತ್ತು. ಹೊಸ ಫೋನ್ ಬಳಸುವುದು ಹೇಗೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚೋಣ ಅಂತ ಕೂತೆ. ಎರಡನೇ ಸಾಲಿಗೇ ಕೈ ನಿಂತಿತು.

"ಮಾತು ಮುಗಿದ ಮೇಲೆ ಫೋನ್ ಇಡು" ಅಂತ ಮೊದಲೇ ಬಾಯಲ್ಲಿ ಹೇಳಿದ್ದೆ. ಅವ್ವ ಇಟ್ಟಳು, ದಿಂಬಿನ ಪಕ್ಕದಲ್ಲಿ. ಆಮೇಲೆ ಎರಡು ತಾಸು ವಿಜಯಪುರದಿಂದ ತಂಗಿ ಎಷ್ಟು ಸಲ ಫೋನ್ ಹಚ್ಚಿದರೂ ಎಂಗೇಜ್, ಅವಳಿಗೆ ಗಾಬರಿಯಾಗಿ ಪಕ್ಕದ ಮನೆಯವರಿಗೆ ಹಚ್ಚಿ ನೋಡಿಬರಲು ಕಳಿಸಿದಳು. ಅವ್ವನದು ಏನೂ ತಪ್ಪಿಲ್ಲ. ಹಳೆ ಫೋನಿನಲ್ಲಿ ರಿಸೀವರ್ ಇಟ್ಟರೆ ಅದರ ಭಾರಕ್ಕೆ ಕೆಳಗಿನ ಗುಂಡಿ ಒತ್ತಿ ಲೈನ್ ಕಟ್ ಆಗುತ್ತಿತ್ತು, ಹಾಗಾಗಿ ಇಡುವುದು ಅಂದರೇ ಮುಗಿಸುವುದು. ಇದರಲ್ಲಿ ಕೆಂಪು ಬಟನ್ ಒತ್ತಬೇಕು, ಇಲ್ಲವೇ ಚಾರ್ಜ್ ಆಗುವ ಬೇಸಿನ ಮೇಲೆ ಇಡಬೇಕು. "ಎತ್ತು" ಅನ್ನುವುದಕ್ಕೂ ಇದೇ ಗತಿ. ನಮ್ಮ ಸೆಟ್ಟಿನಲ್ಲಿ ಬೇಸಿನಿಂದ ಎತ್ತಿದರೆ ಮಾತಾಡಬಹುದು, ದಿಂಬಿನ ಪಕ್ಕದಿಂದ ಎತ್ತಿದರೆ ಹಸಿರು ಬಟನ್ ಒತ್ತುವ ತನಕ ಸುಮ್ನೆ ರಿಂಗ್ ಆಗುತ್ತಲೇ ಇರುತ್ತದೆ. ಮೊಬೈಲ್ ಬಂದ ಮೇಲೂ ಈ ಎರಡು ಮಾತು ಉಳಿದಿವೆ, ಆದರೆ ಕೈ ಮಾಡುವ ಕೆಲಸ ಬೇರೆ ಆಗಿದೆ, ಅಲ್ವಾ? ಹಾಳೆಯಲ್ಲಿ "ಇಡು" ಬಿಟ್ಟು "ಕಟ್ ಮಾಡು" ಅಂತಲೇ ಬರೆಯಲೇ?

ಪುಸ್ತಕದ ಕನ್ನಡದಲ್ಲಿ "ಕರೆ ಮಾಡಿ", "ಕರೆ ಸ್ವೀಕರಿಸಿ" ಅಂತಾರೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನಮ್ಮ ಕಡೆ ದೀಪ ಹಚ್ಚುತ್ತೇವೆ, ಬಣ್ಣ ಹಚ್ಚುತ್ತೇವೆ, ಹುಡುಗರನ್ನು ಸಾಲಿಗೆ ಹಚ್ಚುತ್ತೇವೆ, ಫೋನನ್ನೂ ಹಚ್ಚುತ್ತೇವೆ. ಹಚ್ಚಿದ್ದು ಕೂಡದಿದ್ದರೆ "ಫೋನ್ ಹತ್ತವಲ್ದು" ಅಂತೇವೆ. ನಾವು ಮಾಡುವುದು ಹಚ್ಚುವುದು, ತಾನಾಗಿ ಆಗುವುದು ಹತ್ತುವುದು. ಬೆಂಕಿಗೂ ಇದೇ ಜೋಡಿ. ನಂಬರ್ ಒತ್ತುವುದು ಬೇರೆ, ಲೈನ್ ಸಿಗುವುದು ಬೇರೆ ಅನ್ನುವುದನ್ನು ಇಷ್ಟು ಚಂದ ಹೇಳುವ ಮಾತು ಕೈಯಲ್ಲಿರುವಾಗ "ಸಂಪರ್ಕ ಸಾಧಿಸಲಾಗುತ್ತಿಲ್ಲ" ಯಾಕೆ ಬೇಕು? ಮರಾಠಿಯಲ್ಲೂ "ಫೋನ್ ಲಾವ್" ಅಂತಾರೆ, ಅದೂ ಹಚ್ಚು ಅಂತಲೇ. ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಬೆಳಗಾವಿ ಕಡೆಯವರು ಹೇಳಿದರೆ ಬಹಳ ಸಂತೋಷ.

ರೀಡಯಲ್‌ಗೆ "ಮತ್ತೆ ಹಚ್ಚು" ಅಂತ ಬರೆದೆ, ತಕ್ಷಣ ತಿಳಿಯಿತು. ಹೋಲ್ಡ್‌ಗೆ "ತಡಿ". 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಹಚ್ಚಲು ಮೊದಲು ಸೊನ್ನೆ ಒತ್ತಬೇಕಲ್ಲ, ಅದಕ್ಕೆ "ಮೊದಲು ಪೂಜಿ ಒತ್ತು". ಸೊನ್ನೆ ಅಂದರೆ ಅವ್ವನಿಗೆ ಅರ್ಥವಾಗುತ್ತದೆ, ಪೂಜಿ ಅಂದರೆ ಬೆರಳೇ ಹೋಗುತ್ತದೆ. ಬೇಸಿನ ಮೇಲೆ ಒಂದು ಬಟನ್ ಇದೆ, ಒತ್ತಿದರೆ ಮನೆಯಲ್ಲಿ ಎಲ್ಲೋ ಬಿದ್ದ ಹ್ಯಾಂಡ್‌ಸೆಟ್ ಕೂಗುತ್ತದೆ. ಅದಕ್ಕೆ ಅವ್ವನೇ "ಒದರೋ ಬಟನ್" ಅಂತ ಹೆಸರಿಟ್ಟಿದ್ದಾಳೆ, ನನಗೆ ಅದಕ್ಕಿಂತ ಒಳ್ಳೆಯದು ಹೊಳೆಯುತ್ತಿಲ್ಲ. ಬೇಸಿಗೂ ಅವಳದೇ ಮಾತು, "ಫೋನಿನ ಮನಿ". ಆ ಮನಿಗೆ ಕರೆಂಟ್ ಬೇಕು. ಹಳೆ ಫೋನಿಗೆ ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಲೈಟ್ ಹೋದರೂ ನಡೆಯುತ್ತಿತ್ತು. ಹಾಗಾಗಿ "ಲೈಟ್ ಹೋದರೆ ಫೋನ್ ಹತ್ತುವುದಿಲ್ಲ" ಅಂತ ಕೆಂಪಕ್ಷರದಲ್ಲಿ ಬರೆದಿದ್ದೇನೆ.

ಉಳಿದದ್ದು ಎರಡು. ಫ್ಲ್ಯಾಶ್ ಅಂದರೆ ಅವ್ವ ಬೆಳಕು ಬರುತ್ತದೆ ಅಂದುಕೊಂಡಳು. ಅದು ಲೈನನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಕಡಿದು ಕೂಡಿಸುವ ಬಟನ್, ಮಾತಿನ ನಡುವೆ ಬಂದ ಎರಡನೇ ಫೋನ್ ತಗೊಳ್ಳಲು ಬೇಕು. ಮ್ಯೂಟ್ ಇನ್ನೂ ಕಷ್ಟ. ನಮ್ಮ ದನಿ ಅವರಿಗೆ ಹೋಗುವುದಿಲ್ಲ, ಅವರದು ನಮಗೆ ಕೇಳುತ್ತದೆ. "ದನಿ ಬಂದ್" ಅಂತ ಬರೆದರೆ ಎರಡೂ ಕಡೆ ಬಂದ್ ಅನಿಸುತ್ತದೆ. ಈ ಎರಡಕ್ಕೆ ಎಪ್ಪತ್ತು ದಾಟಿದವರೂ ಓದಿದ ಕೂಡಲೇ ತಿಳಿಯುವ ಒಂದೆರಡು ಮಾತು ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.