ಲಾನ್ ತೆಗೆದು ನಮ್ಮ ಕಡೆಯ ಗಿಡ ಹಾಕಿದವರು ಇದ್ದೀರಾ?

ಕೇಳಿದವರು, ಕೋಲಾರ:
ಮನೆ ಮುಂದೆ 20x30 ಅಡಿ ಲಾನ್ ಇದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೆಲ್ಲ ಹುಲ್ಲಿಗೇ ಹೋಗುತ್ತಿದೆ. ಅದನ್ನು ತೆಗೆದು, ಜಾಸ್ತಿ ನೀರು ಕೇಳದ ನಮ್ಮ ಸೀಮೆಯ ಗಿಡ ಹಾಕಬೇಕು. ಮಾಡಿ ನೋಡಿದವರು ಹೇಳಿ. ಮಕ್ಕಳಿಗೆ ಆಡಲು ಸ್ವಲ್ಪ ಜಾಗವೂ ಬೇಕು.

ಮುಳಬಾಗಿಲಿನಿಂದ:
ಸರ್, ಬಿಸಿಲುಗಾಲದಲ್ಲಿ ಲಾನಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ನಿಮ್ಮದು ಹೆಚ್ಚುಕಡಿಮೆ 55 ಚದರ ಮೀಟರ್. ಅಂದರೆ ತಿಂಗಳಿಗೆ 8,000 ಲೀಟರ್ ದಾಟುತ್ತದೆ. ಸಾವಿರ ಅಡಿ ಬೋರ್ ಕೊರೆಸುವ ಸೀಮೆಯಲ್ಲಿ ಇದೆಲ್ಲ ಯಾಕೆ, ಅಲ್ವಾ?

ಕಷ್ಟ ಇರುವುದು ಹುಲ್ಲು ತೆಗೆಯುವುದರಲ್ಲಿ. ಕಾರ್ಪೆಟ್ ಹುಲ್ಲಾದರೆ ಸಲಿಕೆ ಹಾಕಿದರೆ ಚಾಪೆಯ ಹಾಗೆ ಎದ್ದು ಬರುತ್ತದೆ. ಗರಿಕೆ ಸೇರಿಕೊಂಡಿದ್ದರೆ ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ಅಗೆದು ಬೇರು ಆರಿಸಿ ತೆಗೆಯಿರಿ. ಆಮೇಲೆ ಏಪ್ರಿಲ್-ಮೇ ಬಿಸಿಲಲ್ಲಿ ಮಣ್ಣು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಐದಾರು ವಾರ ಬಿಡಿ. ಕಳೆ ಬೀಜ ಬಹುಪಾಲು ಬೆಂದುಹೋಗುತ್ತದೆ. ಅವಸರಪಟ್ಟು ಹುಲ್ಲಿನ ನಡುವೆಯೇ ಗುಂಡಿ ತೋಡಿ ಗಿಡ ನೆಟ್ಟರೆ ವರ್ಷವಿಡೀ ಕಳೆ ಕೀಳುವುದೇ ಕೆಲಸ.

ಗಿಡಕ್ಕೆ ದೂರ ಹೋಗಬೇಡಿ. ಅಂತರಗಂಗೆ ಬೆಟ್ಟ ಹತ್ತುವಾಗ ನೋಡಿ: ತಂಗಡಿ, ಬಂದರಿಕೆ, ಇವಕ್ಕೆ ಯಾರು ನೀರು ಹಾಕಿದ್ದಾರೆ? ತಂಗಡಿ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಲ್ಲಿ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಬೇಲಿ ಪಕ್ಕ ಲಕ್ಕಿ, ಆಡುಸೋಗೆ ಇರಲಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆಡುಸೋಗೆಯನ್ನು ಅದೂ ಮುಟ್ಟುವುದಿಲ್ಲ.

ಚಿಕ್ಕಬಳ್ಳಾಪುರದಿಂದ:
ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ತಂಗಡಿ ಎಲೆಯಲ್ಲಿ ಹಸಿರು ಹುಳ ಕಂಡರೆ ಔಷಧಿ ಹೊಡೆಯಬೇಡಿ, ಅವು ತಿಳಿಹಳದಿ ಚಿಟ್ಟೆಯ ಮರಿಗಳು. ಎಲೆ ಮತ್ತೆ ಬರುತ್ತದೆ. ನರ್ಸರಿಯಲ್ಲಿ ನೀರೇ ಬೇಡ ಅಂತ ಲಂಟಾನ ಕೊಟ್ಟರೆ ಬೇಡ ಅನ್ನಿ. ಅದು ಅಮೆರಿಕದ ಕಡೆಯದು, ನಮ್ಮ ಕಾಡನ್ನೇ ನುಂಗಿದೆ.

ಪಾವಗಡದಿಂದ:
"ನೀರೇ ಬೇಡ" ಅನ್ನುವುದನ್ನು ಮೊದಲ ವರ್ಷ ನಂಬಬೇಡಿ. ಬೇರು ಇಳಿಯುವವರೆಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ತುಂಬ ನೀರು ಕೊಡಿ. ದಿನಾ ಸುಮ್ನೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಜೂನ್ ಮೊದಲ ಮಳೆಗೇ ನೆಡಬೇಡಿ. ನಮ್ಮ ಕಡೆ ಗಟ್ಟಿ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಜುಲೈ ಕೊನೆ ಒಳ್ಳೆಯದು. ಬುಡದ ಮಣ್ಣು ಒಣಗದಂತೆ ಮುಚ್ಚಿಗೆಯಾಗಿ ಕಡಲೆಕಾಯಿ ಸಿಪ್ಪೆ ಹಾಕಿ, ಕಾಂಡಕ್ಕೆ ತಾಗದಂತೆ. ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.

ಮುಳಬಾಗಿಲಿನಿಂದ ಮತ್ತೆ:
ಮಕ್ಕಳಿಗೆ ಒಂದು ಮೂಲೆಯಲ್ಲಿ ಗರಿಕೆಯನ್ನೇ ಬಿಡಿ. ಸುತ್ತ ಕಲ್ಲು ಚಪ್ಪಡಿ ಒಂದಡಿ ಆಳಕ್ಕೆ ಹೂತರೆ ಅಷ್ಟು ಬೇಗ ಹರಡುವುದಿಲ್ಲ. ಬೇಸಿಗೆಯಲ್ಲಿ ಒಣಗಿದಂತೆ ಕಾಣುತ್ತದೆ, ಮಳೆ ಬಿದ್ದರೆ ತಾನೇ ಹಸಿರಾಗುತ್ತದೆ. ಗಣೇಶನ ಹಬ್ಬಕ್ಕೂ ಆಯಿತು.