ಮಳೆಯ ಕೊಡಗಿಗೆ ಸೌರವಿದ್ಯುತ್: ಮತ ಕೇಳಲು ಬರುವವರನ್ನು ನಾವು ಏನು ಕೇಳಬೇಕು?

ಪ್ರಶ್ನೆ – ಮಾದಾಪುರ ಕಡೆಯ ಕಾಫಿ ಬೆಳೆಗಾರ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದುದನ್ನು ಕಂಡ ನಮಗೆ ಹವಾಮಾನ ಬದಲಾವಣೆಯನ್ನು ಯಾರೂ ವಿವರಿಸಬೇಕಿಲ್ಲ. ಆದರೂ ಚುನಾವಣೆ ಬಂದಾಗ ರಸ್ತೆ, ಆನೆ ಕಂದಕ, ಪರಿಹಾರಧನಗಳ ಮಾತು ಕೇಳಿಬರುತ್ತದೆಯೇ ಹೊರತು ವಿದ್ಯುತ್ತಿನ ನಾಳೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಮನೆಯ ಚಾವಣಿಯ ಮೇಲೆ ಸೌರಫಲಕ ಹಾಕಿಸಲು ಕೇಂದ್ರ ಸರ್ಕಾರ ನೆರವು ನೀಡುವ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ, ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬಾರದ ನಮ್ಮ ಮನೆಗಳಿಗೆ ಇದರಿಂದ ಪ್ರಯೋಜನವಿದೆಯೇ?

ಉತ್ತರ – ಕುಶಾಲನಗರದ ವಿದ್ಯುತ್ ಎಂಜಿನಿಯರ್

ಮಾನ್ಯರೇ, ಒಂದು ವಿಷಯ ಮೊದಲು ಸ್ಪಷ್ಟವಾಗಿರಲಿ. ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಸಾಮಾನ್ಯ ಸೌರಘಟಕವು ಲೈನಿನಲ್ಲಿ ವಿದ್ಯುತ್ ನಿಂತೊಡನೆ ತಾನೂ ನಿಲ್ಲುತ್ತದೆ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ನ ಜೀವ ಉಳಿಸಲು ಅದನ್ನು ಹಾಗೆಯೇ ರೂಪಿಸಲಾಗಿದೆ. ಕತ್ತಲೆಯ ದಿನಗಳಿಗೂ ಬೆಳಕು ಬೇಕೆಂದರೆ ಫಲಕ, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವ, ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಬೇಕು, ಆದರೆ ಸಹಾಯಧನವನ್ನು ಸೌರಘಟಕದ ಸಾಮರ್ಥ್ಯ ನೋಡಿ ಕೊಡುತ್ತಾರೆ, ಬ್ಯಾಟರಿ ನೋಡಿ ಅಲ್ಲ. ಹಾಗೆಂದು ಸೌರವಿದ್ಯುತ್ ನಮಗೆ ವ್ಯರ್ಥವೆನ್ನಲಾರೆ: ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸುವ ಫೆಬ್ರವರಿ–ಮಾರ್ಚ್‌ನಲ್ಲಿಯೇ ಇಲ್ಲಿ ಬಿಸಿಲು ಹೆಚ್ಚು. 10 ಎಚ್‌ಪಿ ಪಂಪನ್ನು 3 ಕಿಲೋವ್ಯಾಟ್ ಘಟಕ ನಡೆಸಲಾರದು ನಿಜ. ಆದರೆ ಆ ತಿಂಗಳುಗಳಲ್ಲಿ ಮನೆಯಲ್ಲಿ ಬಳಸಿ ಮಿಕ್ಕಿದ್ದು ಗ್ರಿಡ್‌ಗೆ ಹೋಗಿ ಬಿಲ್ಲಿನ ಲೆಕ್ಕಕ್ಕೆ ಸೇರುತ್ತದೆ.

ಉತ್ತರ – ಅಮ್ಮತ್ತಿಯಿಂದ

ನನ್ನ ಅಭಿಪ್ರಾಯದಲ್ಲಿ ಇಲ್ಲಿಯೇ ರಾಜಕೀಯ ಪ್ರಶ್ನೆ ಹುಟ್ಟುತ್ತದೆ. 2030ರೊಳಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಅನಿಲ ಬಳಸದ) ವಿದ್ಯುತ್ ಸಾಮರ್ಥ್ಯ ಎಂಬ ರಾಷ್ಟ್ರದ ಗುರಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಸುಮಾರು 13,000 ಎಕರೆ ಗುತ್ತಿಗೆ ಭೂಮಿಯಲ್ಲಿ ನಿಂತ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ ಕರ್ನಾಟಕದ ಹೆಮ್ಮೆಯೂ ಹೌದು. ಆದರೆ ದೂರದಲ್ಲಿ ಉತ್ಪಾದನೆಯಾದ ವಿದ್ಯುತ್ ತಂತಿಯಲ್ಲಿಯೇ ಸಾಗಬೇಕು, ಮತ್ತು ಮೈಸೂರು–ಕೋಯಿಕ್ಕೋಡ್ 400 ಕೆವಿ ಮಾರ್ಗಕ್ಕಾಗಿ ನಮ್ಮ ತೋಟ, ಕಾಡುಗಳ ಮರಗಳು ಉರುಳಿದ್ದನ್ನು ನಾವು ಮರೆತಿಲ್ಲ. ಅಂಥ ಮಾರ್ಗ ಹಾದುಹೋದ ಜಿಲ್ಲೆಗೆ, ಹಳ್ಳಿಯ ಲೈನುಗಳಿಗೆ ಕೊಂಬೆ ತಾಗಿದರೂ ಸುಲಭವಾಗಿ ಕರೆಂಟು ಹೋಗದ ಹೊದಿಕೆಯುಳ್ಳ ತಂತಿಯನ್ನೂ ಪಂಚಾಯಿತಿ ಕಟ್ಟಡ, ಆರೋಗ್ಯ ಕೇಂದ್ರಗಳಿಗೆ ಬ್ಯಾಟರಿ ಸಹಿತ ಸೌರಘಟಕವನ್ನೂ ಕೇಳುವ ಹಕ್ಕಿದೆ. ಇನ್ನೊಂದು ಮಾತು: ತೋಟದ ಮಾಲೀಕರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಸ್ವಂತ ಸೂರಿಲ್ಲದ ಕಾರಣ ಸೂರ್ಯ ಘರ್ ಅವರನ್ನು ತಲುಪುವುದೇ ಇಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಉತ್ತರ – ಭಾಗಮಂಡಲದಿಂದ

ಮಳೆಗಾಲಕ್ಕೆ ನೀರೇ ನಮ್ಮ ಸಂಪತ್ತು. ತೊರೆಯ ನೀರನ್ನು ಪೈಪಿನಲ್ಲಿ ಇಳಿಸಿ ಸುಮಾರು 1 ಕಿಲೋವ್ಯಾಟ್ ಪಡೆಯುವ ಪುಟ್ಟ ಟರ್ಬೈನ್‌ಗಳನ್ನು ಮಲೆನಾಡಿನ ಮನೆಗಳು ಹಿಂದಿನಿಂದಲೂ ಬಳಸುತ್ತಿವೆ, ಮತ್ತು ಸೂರ್ಯ ಮರೆಯಾಗುವ ತಿಂಗಳುಗಳಲ್ಲಿಯೇ ಅವು ತುಂಬು ವೇಗದಲ್ಲಿ ತಿರುಗುತ್ತವೆ. ಆದರೆ ಕಾಲುವೆ ತೋಡಿ, ಗುಡ್ಡ ಕಡಿದು ಕಟ್ಟುವ ದೊಡ್ಡ ಯೋಜನೆಗಳಿಗೆ ನನ್ನ ವಿರೋಧವಿದೆ. 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣುಪಾಲಾದ ಊರಿನವರು ನಾವು. ಆದ್ದರಿಂದ ಅಭ್ಯರ್ಥಿಗಳಿಂದ ನಾನು ಲಿಖಿತವಾಗಿ ಕೇಳುವುದು ಎರಡೇ: ಮನೆಮಟ್ಟದ ಟರ್ಬೈನ್‌ಗೂ ಬ್ಯಾಟರಿಗೂ ಸಹಾಯಧನ, ಮತ್ತು ಇಳಿಜಾರಿನಲ್ಲಿ ಯಾವುದೇ ವಿದ್ಯುತ್ ಕಾಮಗಾರಿಗೆ ಮುನ್ನ ಗ್ರಾಮಸಭೆಯ ಒಪ್ಪಿಗೆ.