ಓಎಲ್‌ಇಡಿ ಪರದೆಗೆ ಕನ್ನಡ ಪಿಕ್ಸೆಲ್ ಫಾಂಟ್: ಯಾವುದರಲ್ಲಿ ಮಾಡೋದು?

ಪ್ರಶ್ನೆ: ಆರ್ಡುಯಿನೊಗೆ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) 128×64 ಪಿಕ್ಸೆಲ್‌ನ ಓಎಲ್‌ಇಡಿ ಪರದೆ ಜೋಡಿಸಿ, ಬಸ್ ಹೋಗುವ ಊರು ಮತ್ತು ಸಮಯವನ್ನು ಕನ್ನಡದಲ್ಲಿ ತೋರಿಸಬೇಕು. ಫಾಂಟ್ ನಾನೇ ಬರೆಯುವ ಆಸೆ. ಯಾವ ಸಾಫ್ಟ್‌ವೇರ್ ಒಳ್ಳೆಯದು? ಮಾಡಿದವರು ಹೇಳಿ.

ಉತ್ತರ 1: ಸುಮ್ನೆ ಕೈ ಪಳಗಲು ಫಾಂಟ್‌ಸ್ಟ್ರಕ್ಟ್ ಸಾಕು. ಬ್ರೌಸರ್‌ನಲ್ಲೇ ಚೌಕ ಜೋಡಿಸಿ ಟಿಟಿಎಫ್ (ಕಂಪ್ಯೂಟರಿನ ಮಾಮೂಲಿ ಫಾಂಟ್ ಫೈಲು) ಇಳಿಸಿಕೊಳ್ಳಬಹುದು. ಆದರೆ ನಿಮಗೆ ಬೇಕಿರುವುದು ಬಿಟ್‌ಮ್ಯಾಪ್, ಅಂದರೆ ಚುಕ್ಕಿ ಚುಕ್ಕಿಯಾಗಿ ಬರೆದ ಫಾಂಟ್; ಅದನ್ನು ಇಡುವುದು ಬಿಡಿಎಫ್ ಫೈಲಿನಲ್ಲಿ. ಅದಕ್ಕೆ ಬಿಟ್ಸ್ ಅಂಡ್ ಪಿಕಾಸ್ ಅಥವಾ ಫಾಂಟ್‌ಫೋರ್ಜ್ ಹಿಡಿಯಿರಿ. ಎರಡೂ ಉಚಿತ. ನನಗೆ ಮೊದಲನೆಯದೇ ಸಲೀಸು.

ಉತ್ತರ 2: ಸಾಫ್ಟ್‌ವೇರ್ ಆಮೇಲೆ ನೋಡೋಣ, ಮೊದಲು ಎತ್ತರ ತೀರ್ಮಾನಿಸಿ. ಇಂಗ್ಲಿಷ್‌ಗೆ 8 ಪಿಕ್ಸೆಲ್ ಸಾಲು ಸಾಕು. ಕನ್ನಡಕ್ಕೂ ಅಷ್ಟೇ ಇಟ್ಟರೆ ಒತ್ತಕ್ಷರಕ್ಕೆ ಜಾಗ ಎಲ್ಲಿದೆ? ನಾನು 16 ಸಾಲು ಇಡುತ್ತೇನೆ: ತಲೆಕಟ್ಟು, ಗುಡಿಸಿಗೆ 3, ಅಕ್ಷರದ ಮೈಗೆ 8, ಒತ್ತಿಗೆ 5. ನಿಮ್ಮ ಪರದೆಯಲ್ಲಿ ನಾಲ್ಕು ಊರು ಹಿಡಿಯುತ್ತವೆ. ಮೊದಲು ದ-ಧ, ಪ-ಷ-ಫ, ವ-ಮ ಬರೆಯಿರಿ. ಅಲ್ಲಿ ಒಂದೇ ಪಿಕ್ಸೆಲ್‌ಗೆ ಅಕ್ಷರ ಬದಲಾಗುತ್ತದೆ. ಸೀಳು ಕಾಣದಿದ್ದರೆ ‘ಧನ’ ಹೋಗಿ ‘ದನ’ ಆಗುತ್ತದೆ, ಅಲ್ವಾ! ಗ್ನೂ ಯೂನಿಫಾಂಟ್ ಎಂಬ ಉಚಿತ ಬಿಟ್‌ಮ್ಯಾಪ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳು 16 ಸಾಲಿನಲ್ಲೇ ಇವೆ, ಪಕ್ಕದಲ್ಲಿಟ್ಟುಕೊಂಡು ನೋಡಿ. ಅಂದ ಕಡಿಮೆ, ಆದರೆ ಎಲ್ಲಿ ಏನು ಬಿಡಬಹುದು ಅಂತ ತಿಳಿಯುತ್ತದೆ. ಬಿಡಿಎಫ್ ಬರೀ ಪಠ್ಯದ ಫೈಲು, ನೋಟ್‌ಪ್ಯಾಡ್‌ನಲ್ಲೂ ತಿದ್ದಬಹುದು. ಅದರಲ್ಲಿ ಪ್ರತಿ ಸಾಲೂ ಹೆಕ್ಸ್ (16ರ ಮೂಲದ) ಸಂಖ್ಯೆಯಾಗಿರುತ್ತದೆ: 8 ಪಿಕ್ಸೆಲ್ ಅಗಲದ ಸಾಲಿನಲ್ಲಿ 81 ಎಂದಿದ್ದರೆ, ಅಂದರೆ ಬೈನರಿಯಲ್ಲಿ 10000001, ಎರಡು ತುದಿಯ ಚುಕ್ಕಿ ಮಾತ್ರ ಬೆಳಗುತ್ತವೆ.

ಉತ್ತರ 3: ನಿಜವಾದ ತಲೆನೋವು ಅಕ್ಷರ ಜೋಡಣೆಯದು. ಇಂಥ ಪರದೆಗೆ ಬರೆಯಲು ಆರ್ಡುಯಿನೊದಲ್ಲಿ ಬಳಸುವ ಯು8ಜಿ2 ಲೈಬ್ರರಿ ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ಬರೆಯುತ್ತದೆ. ‘ಕ್ಕ’ ಕೊಟ್ಟರೆ ಕ, ಹಲಂತ (್), ಕ ಬಿಡಿಬಿಡಿಯಾಗಿ ಬೀಳುತ್ತವೆ. ‘ಳಿ’ಯದೂ ಅದೇ ಕಥೆ. ಕಂಪ್ಯೂಟರಿನಲ್ಲಿ ಹಾರ್ಫ್‌ಬಝ್‌ನಂಥ ಎಂಜಿನ್ ಜೋಡಿಸಿ ಕೊಡುತ್ತದೆ, ಇಲ್ಲಿ ಅದಿಲ್ಲ. ಹಾಗಾಗಿ ಊರುಗಳ ಪಟ್ಟಿ ಮಾಡಿ, ಬೇಕಾದ ರೂಪಗಳನ್ನಷ್ಟೇ ಪೂರ್ತಿ ಬರೆದು ಯೂನಿಕೋಡ್‌ನಲ್ಲಿ E000 ಸಂಕೇತದಿಂದ ಶುರುವಾಗುವ, ಯಾರು ಬೇಕಾದರೂ ತಮ್ಮ ರೂಪ ಇಟ್ಟುಕೊಳ್ಳಬಹುದಾದ ಖಾಸಗಿ ಜಾಗದಲ್ಲಿ ಇಡಿ. ಚಿಕ್ಕಮಗಳೂರಿಗೆ ‘ಕ್ಕ’, ಹುಬ್ಬಳ್ಳಿಗೆ ‘ಬ್ಬ’, ‘ಳ್ಳಿ’, ಹೀಗೆ. ಆಮೇಲೆ ಯು8ಜಿ2 ಜೊತೆ ಬರುವ ಬಿಡಿಎಫ್‌ಕಾನ್ವ್‌ನಿಂದ ಬಿಡಿಎಫ್ ಅನ್ನು ಸಿ ಭಾಷೆಯ ಫೈಲ್ ಮಾಡಿಕೊಳ್ಳಿ. ಬೇಡದ್ದನ್ನೆಲ್ಲ ತುಂಬಬೇಡಿ, ಆರ್ಡುಯಿನೊ ಯೂನೋದಲ್ಲಿ ಪ್ರೋಗ್ರಾಂ ಇಡಲು ಇರುವುದೇ 32 ಕೆಬಿ.

ಉತ್ತರ 4: ಐದಾರು ಊರು ಅಷ್ಟೇ ಆದರೆ ಫಾಂಟ್ ಯಾಕೆ? ಹೆಸರುಗಳನ್ನು ಜಿಂಪ್‌ನಲ್ಲಿ (ಉಚಿತ ಚಿತ್ರ ಸಾಫ್ಟ್‌ವೇರ್) ಚಿತ್ರ ಮಾಡಿ ಎಕ್ಸ್‌ಬಿಎಂ ಆಗಿ, ಅಂದರೆ ಪ್ರೋಗ್ರಾಂಗೆ ನೇರ ಸೇರಿಸಬಹುದಾದ ಕಪ್ಪು-ಬಿಳುಪು ಚಿತ್ರದ ಫೈಲಾಗಿ ಉಳಿಸಿ. ಅಕ್ಷರದ ಅಂಚು ಬೂದು ಬಣ್ಣದಿಂದ ನುಣುಪು ಮಾಡುವ ಆಂಟಿ-ಏಲಿಯಾಸಿಂಗ್ ಆಫ್ ಮಾಡಿ. ಅಂಕಿಗೆ ಮಾತ್ರ ಫಾಂಟ್ ಬರೆಯಿರಿ.

ಉತ್ತರ 3 ಬರೆದವರಿಂದ ಮತ್ತೆ: ಅದೂ ಸರಿಯೇ, ಆದರೆ ಊರು ಸೇರಿದಾಗೆಲ್ಲ ಹೊಸ ಚಿತ್ರ ಬೇಕು. ಪಟ್ಟಿಯಲ್ಲಿ ತೀರ್ಥಹಳ್ಳಿ ಇದ್ದರೆ ಅರ್ಕಾವತ್ತು (‘ರ್ಥ’ದಲ್ಲಿನ ರ್ ಗುರುತು) ಮರೆಯಬೇಡಿ. ಸಂಕೇತದಲ್ಲಿ ರ ಮೊದಲು, ಪರದೆಯಲ್ಲಿ ಗುರುತು ಥ ಆದ ಮೇಲೆ. ಆ ಗುರುತಿಗೆ ೯ ಅಂಕಿಯನ್ನೇ ಸ್ವಲ್ಪ ಚಿಕ್ಕದು ಮಾಡಿ ಬಳಸಬಹುದು.